ಕಟ್ಟಡ ರಿಪೇರಿಗೆಂದು ಆಫೀಸು ಬಿಡಬೇಕಾದಾಗ: ಫೋರ್ಟಿನಿಂದ ವಾಶಿಗೆ ಹೋಗಿ ಬಂದ 14 ತಿಂಗಳು

ಮುಂಬೈಯ ಫೋರ್ಟಿನಲ್ಲಿ, ಜಿ.ಪಿ.ಒ.ದಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ನಮ್ಮ ಆಫೀಸು. ಹಡಗಿನಲ್ಲಿ ಸರಕು ಕಳಿಸುವವರಿಗೆ, ತರಿಸುವವರಿಗೆ ಕಾಗದಪತ್ರ ಮಾಡಿಕೊಡುವುದು ನಮ್ಮ ಕೆಲಸ. ಒಟ್ಟು 23 ಜನ ಇದ್ದೇವೆ. ನಾನು ಕುಂದಾಪುರದ ಕಡೆಯವಳು, ಮನೆ ಡೊಂಬಿವಲಿಯಲ್ಲಿ. 19 ವರ್ಷದಿಂದ ಈ ಆಫೀಸಿನ ಬೀಗದ ಕೈ, ಬಿಲ್ಲು, ರಜೆ, ನೀರು, ಕುರ್ಚಿ ಎಲ್ಲ ನಾನೇ ನೋಡಿಕೊಳ್ಳುತ್ತಿದ್ದೇನೆ.

2023ರ ಫೆಬ್ರುವರಿಯಲ್ಲಿ ಕಟ್ಟಡ ರಿಪೇರಿಗೆಂದು ನಾವು ಜಾಗ ಖಾಲಿ ಮಾಡಿದೆವು. ಒಂಬತ್ತು ತಿಂಗಳು ಅಂದಿದ್ದರು. ವಾಪಸು ಬರುವಾಗ 2024ರ ಏಪ್ರಿಲ್ ಆಗಿತ್ತು. ಆಮೇಲೆ ನಮ್ಮ ಸುತ್ತಿನ ಎರಡು ಮೂರು ಆಫೀಸಿನವರು ಹೀಗೇ ಹೊರಡಬೇಕಾಗಿ ಬಂದು ನನ್ನನ್ನು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜನರ ಪಟ್ಟಿ, ಆಮೇಲೆ ಜಾಗ

ನಾವು ಮಾಡಿದ ದೊಡ್ಡ ತಪ್ಪು ಇಲ್ಲೇ ಆಯಿತು. ಹಾಗಾಗಿ ಇದನ್ನು ಮೊದಲು ಹೇಳುತ್ತೇನೆ.

ಜಾಗ ಹುಡುಕುವಾಗ ನಾವು ಬಾಡಿಗೆ ನೋಡಿದೆವು, ಚದರಡಿ ನೋಡಿದೆವು, ಲಿಫ್ಟ್ ಇದೆಯಾ ನೋಡಿದೆವು. ನವಿ ಮುಂಬೈಯ ವಾಶಿಯಲ್ಲಿ ಮೊದಲನೇ ಮಾಳಿಗೆಯ ಒಂದು ಜಾಗ ಸಿಕ್ಕಿತು. ಮುಂಚೆ ಅಲ್ಲಿ ಟ್ಯೂಷನ್ ಕ್ಲಾಸು ನಡೆಯುತ್ತಿತ್ತಂತೆ. ಫೋರ್ಟಿನ ಬಾಡಿಗೆಗೆ ಹೋಲಿಸಿದರೆ ಬಹಳ ಅಗ್ಗ. ನಮ್ಮ ಆಫೀಸಿನ ಮಾಲೀಕರು ಠಾಣೆಯವರು, ಮ್ಯಾನೇಜರು ಮುಲುಂಡಿನವರು, ನಾನು ಡೊಂಬಿವಲಿ. ನಮಗೆ ಮೂವರಿಗೂ ವಾಶಿ ಅಂದರೆ ಸುಲಭ. ಠಾಣೆಗೆ ಬಂದು ಟ್ರಾನ್ಸ್ ಹಾರ್ಬರ್ ಲೈನಿನ ಲೋಕಲ್ ಗಾಡಿ ಹತ್ತಿದರೆ ಮುಗಿಯಿತು. ನನಗಂತೂ ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು.

ಆದರೆ ವಿರಾರಿನಿಂದ ಬರುವ ನಮ್ಮ ಟೈಪಿಂಗ್ ಹುಡುಗಿಗೆ? ಅವಳು ಮುಂಚೆ ವಿರಾರಿನಲ್ಲಿ ಗಾಡಿ ಹತ್ತಿದರೆ ಚರ್ಚ್‌ಗೇಟಿನಲ್ಲಿ ಇಳಿದು ನಡೆದು ಬರುತ್ತಿದ್ದಳು. ಒಂದೇ ಗಾಡಿ. ಈಗ ದಾದರಿನಲ್ಲಿ ಇಳಿದು, ಸೇತುವೆ ದಾಟಿ ಸೆಂಟ್ರಲ್ ಲೈನಿಗೆ ಬಂದು, ಕುರ್ಲಾಕ್ಕೆ ಹೋಗಿ, ಅಲ್ಲಿ ಮತ್ತೆ ಸೇತುವೆ ಹತ್ತಿ ಹಾರ್ಬರ್ ಗಾಡಿ ಹಿಡಿಯಬೇಕು. ಮೂರು ಗಾಡಿ, ಎರಡು ಸೇತುವೆ. ಬೆಳಿಗ್ಗೆ ಕುರ್ಲಾದ ಸೇತುವೆ ಹೇಗಿರುತ್ತದೆ ಎಂದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ಎರಡನೇ ತಿಂಗಳಲ್ಲಿ ಅವಳು ರಾಜೀನಾಮೆ ಬರೆದು ತಂದಳು. ಕಾಗದ ನನ್ನ ಕೈಗೆ ಕೊಟ್ಟು, "ಅಕ್ಕಾ, ಕೆಲಸ ಬೇಜಾರಿಲ್ಲ, ದಾರಿ ಆಗ್ತಾ ಇಲ್ಲ" ಅಂದಳು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನೀವು ಜಾಗ ನೋಡಲು ಹೋಗುವ ಮುಂಚೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮನೆ ಯಾವ ಸ್ಟೇಷನ್, ಹೊಸ ಜಾಗಕ್ಕೆ ಎಷ್ಟು ಗಾಡಿ ಬದಲಿಸಬೇಕು, ಸಂಜೆ ಎಷ್ಟು ಗಂಟೆಗೆ ಮನೆ ಸೇರಲೇಬೇಕು, ಯಾಕೆ. ಒಬ್ಬೊಬ್ಬರನ್ನೂ ಕೂರಿಸಿ ಕೇಳಿ ಬರೆಯಿರಿ. "ಯಾಕೆ" ಅನ್ನುವುದನ್ನು ಬಿಡಬೇಡಿ. ನಮ್ಮಲ್ಲಿ ಒಬ್ಬರ ಮಗು ಇರುವ ಪಾಳಣಾಘರ್ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ) ಸಂಜೆ 7ಕ್ಕೆ ಮುಚ್ಚುತ್ತಿತ್ತು. ಇನ್ನೊಬ್ಬರ ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಇದೆಲ್ಲ ಯಾರೂ ಮೀಟಿಂಗಿನಲ್ಲಿ ಎದ್ದು ಹೇಳುವುದಿಲ್ಲ.

ಈ ಹಾಳೆ ಮೊದಲೇ ಇದ್ದಿದ್ದರೆ ನಾವು ವಾಶಿ ಬದಲು ಘಾಟ್‌ಕೋಪರ್ ನೋಡುತ್ತಿದ್ದೆವೋ ಏನೋ. ಅಲ್ಲಿ ಸೆಂಟ್ರಲ್ ಲೈನ್ ಇದೆ. ಅಂಧೇರಿಯಿಂದ ಬರುವ ಮೆಟ್ರೋ 2014ರಿಂದ ಇದೆ. ವಿರಾರ್ ಕಡೆಯ ವೆಸ್ಟರ್ನ್ ಲೈನಿನವರು ಅಂಧೇರಿಯಲ್ಲಿ ಇಳಿದು ಮೆಟ್ರೋ ಹತ್ತಿದರೆ ಸಾಕು. ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತಿತ್ತು. ಆದರೆ ಹಳಬರೊಬ್ಬರು ಬಿಟ್ಟು ಹೋದರೆ ಹೊಸಬರಿಗೆ ಕೆಲಸ ಕಲಿಸಲು ಆರು ತಿಂಗಳು ಬೇಕು. ಅದರ ಬೆಲೆ ಬಾಡಿಗೆಯಲ್ಲಿ ಬರೆದಿರುವುದಿಲ್ಲ, ಅಲ್ವಾ?

ಆ ಹುಡುಗಿಯ ರಾಜೀನಾಮೆಯನ್ನು ನಾವು ತೆಗೆದುಕೊಳ್ಳಲಿಲ್ಲ. ಅಂಧೇರಿಯಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರ ಆಫೀಸು ಇದೆ. ಅಲ್ಲಿ ಒಂದು ಮೇಜು ಕೇಳಿದೆವು, ಅವರು ಸಂತೋಷದಿಂದ ಕೊಟ್ಟರು. ವಾರಕ್ಕೆ ಮೂರು ದಿನ ಅವಳು ಅಲ್ಲೇ ಕೂತಳು, ಎರಡು ದಿನ ವಾಶಿಗೆ ಬಂದಳು. ಮಗು ಇರುವವರಿಗೆ ಬೆಳಿಗ್ಗೆ 8.30ರಿಂದ ಸಂಜೆ 4.30 ಮಾಡಿದೆವು. ಪಾಸಿನ ಹಣ ಯಾರಿಗೆ ಹೆಚ್ಚಾಯಿತೋ ಆ ವ್ಯತ್ಯಾಸ ಆಫೀಸೇ ಕೊಟ್ಟಿತು. ಪಾಸಿನ ವಿಷಯದಲ್ಲಿ ಇನ್ನೊಂದು ಮಾತು. ಹಲವರು ಮೂರು ತಿಂಗಳ ಪಾಸ್ ತೆಗೆದಿಟ್ಟಿರುತ್ತಾರೆ. ಹೋಗುವ ದಿನವನ್ನು ಬೇಗ ಹೇಳಿದರೆ ಅವರ ಹಣ ಸುಮ್ನೆ ಹೋಗುವುದಿಲ್ಲ.

ಹೊರಡುವ ಮುಂಚೆ ಬರೆಸಿಕೊಳ್ಳಿ

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಎನ್ನುವ ತಪಾಸಣೆ, ಮಾಡಿಸಬೇಕು. ಅದರ ವರದಿಯಲ್ಲಿ ನಿಮ್ಮ ಕಟ್ಟಡ ಯಾವ ವರ್ಗ ಎಂದು ಇರುತ್ತದೆ. ಸಿ-1 ಅಂದರೆ ಅಪಾಯ, ಖಾಲಿ ಮಾಡಿ ಕೆಡವಬೇಕು. ಸಿ-2ಎ ಅಂದರೆ ಜನ ಖಾಲಿ ಮಾಡಿ ದೊಡ್ಡ ರಿಪೇರಿ, ಕೆಲವು ಭಾಗ ಒಡೆಯಬೇಕಾಗಬಹುದು. ಸಿ-2ಬಿ ಅಂದರೆ ಜನ ಇದ್ದಂತೆಯೇ ರಿಪೇರಿ. ಸಿ-3 ಅಂದರೆ ಸಣ್ಣ ಪುಟ್ಟ ಕೆಲಸ. ನಮ್ಮದು ಸಿ-2ಎ. ಈ ವರದಿಯ ಪ್ರತಿ ಕೇಳಿ ಪಡೆಯಿರಿ. ನೀವು ನಿಜವಾಗಿಯೂ ಹೊರಡಬೇಕಾ, ಎಷ್ಟು ಕಾಲ ಬೇಕಾಗಬಹುದು ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಫೋರ್ಟಿನಲ್ಲಿ ಹಳೆಯ ಆಫೀಸುಗಳು ಹೆಚ್ಚಿನವು ಪಗಡಿಯವು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಬಾಡಿಗೆ ಜಾಗ. ನಮ್ಮದೂ ಹಾಗೆ. ಬಾಡಿಗೆ ಕಡಿಮೆ, ಹಕ್ಕು ದೊಡ್ಡದು. ಅದಕ್ಕೇ ಬಿಟ್ಟು ಹೋಗುವಾಗ ಹೆದರಿಕೆ. ಬಾಯಿಮಾತಿನ ಭರವಸೆ ಸಾಲದು. ವಾಪಸು ಇದೇ ಜಾಗ, ಇಷ್ಟೇ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ), ಇದೇ ಮಾಳಿಗೆ ಎಂದು ಕರಾರು ಮಾಡಿಸಿಕೊಂಡು, ವಕೀಲರಿಗೆ ತೋರಿಸಿ ಸಹಿ ಹಾಕಿ. ಖಾಲಿ ಮಾಡುವ ಮುಂಚೆ ಕಟ್ಟಡದ ಮಾಲೀಕರ ಕಡೆಯವರನ್ನು ಎದುರಿಗೇ ನಿಲ್ಲಿಸಿ ಟೇಪು ಹಿಡಿದು ಅಳೆಯಿರಿ. ಗೋಡೆ, ಕಿಟಕಿ, ಬಾಗಿಲು, ಮೀಟರು ಎಲ್ಲದರ ಫೋಟೊ ತೆಗೆಯಿರಿ. ಒಂದೊಂದು ಗೋಡೆಗೆ ಟೇಪು ಹಿಡಿದೇ ಫೋಟೊ ತೆಗೆಯಿರಿ. ಇದು ಮುಂದೆ ನಮ್ಮ ಕೈ ಹಿಡಿಯಿತು, ಕೊನೆಗೆ ಹೇಳುತ್ತೇನೆ. ಹೊರಗಿದ್ದರೂ ಹಳೆಯ ಬಾಡಿಗೆ ಕಟ್ಟುತ್ತಲೇ ಇರಿ, ರಸೀದಿ ಇಟ್ಟುಕೊಳ್ಳಿ. ಕರೆಂಟಿನ ಮೀಟರನ್ನು ವಾಪಸು ಕೊಡಬೇಡಿ. ಬಳಸದಿದ್ದರೂ ತಿಂಗಳ ಬಿಲ್ಲು ಕಟ್ಟಿ.

ಹೊಸ ಜಾಗಕ್ಕೆ ಲೀವ್ ಅಂಡ್ ಲೈಸೆನ್ಸ್ ಕರಾರು (ಗೊತ್ತಾದ ಅವಧಿಗೆ ಜಾಗ ಬಳಸಲು ಕೊಡುವ ಕರಾರು) ಇರಲಿ, ರಿಜಿಸ್ಟರ್ ಆಗಿರಲಿ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯಲ್ಲಿ ಅದು ಕಡ್ಡಾಯ, ಮಾಡಿಸುವ ಹೊಣೆ ಜಾಗದ ಮಾಲೀಕರದು. ನಾವು 11 ತಿಂಗಳಿಗೆ ಮಾಡಿದೆವು. ಆದರೆ ನಮ್ಮ ವಕೀಲರು ಎರಡು ಸಾಲು ಸೇರಿಸಿದರು. ಬೇಕಾದರೆ ಅದೇ ಬಾಡಿಗೆಗೆ ತಿಂಗಳು ತಿಂಗಳಾಗಿ ಆರು ತಿಂಗಳವರೆಗೆ ಮುಂದುವರಿಸಬಹುದು. ಒಂದು ತಿಂಗಳು ಮುಂಚೆ ಹೇಳಿ ಬಿಟ್ಟೂ ಹೋಗಬಹುದು. ಒಂಬತ್ತು ತಿಂಗಳು 14 ಆದಾಗ ನಮ್ಮನ್ನು ಉಳಿಸಿದ್ದು ಆ ಎರಡು ಸಾಲು. ಗುತ್ತಿಗೆದಾರರು ಹೇಳುವ ದಿನಕ್ಕೆ ಅರ್ಧದಷ್ಟು ಸೇರಿಸಿಯೇ ಲೆಕ್ಕ ಹಾಕಿ. ಹಳೆಯ ಕಟ್ಟಡದಲ್ಲಿ ಗಾರೆ ತೆಗೆದ ಮೇಲೆಯೇ ಒಳಗಿನ ತೊಲೆ ಎಷ್ಟು ಹಾಳಾಗಿದೆ ಎಂದು ಕಾಣುವುದು. ಮಳೆಗಾಲ ನಡುವೆ ಬಂದರೆ ಹೊರಗಿನ ಕೆಲಸ ನಿಂತೇ ಹೋಗುತ್ತದೆ.

ಸರಕಾರದ ಕಾಗದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಜಿ.ಎಸ್.ಟಿ.ಯಲ್ಲಿ ನಾವು ಫೋರ್ಟನ್ನು ಮುಖ್ಯ ಜಾಗವಾಗಿಯೇ ಉಳಿಸಿ, ವಾಶಿಯನ್ನು ಹೆಚ್ಚುವರಿ ಜಾಗ ಎಂದು ಸೇರಿಸಿದೆವು. ಬದಲಾದ 15 ದಿನದೊಳಗೆ ಅರ್ಜಿ ಹಾಕಬೇಕು. ಪ್ರೈವೇಟ್ ಲಿಮಿಟೆಡ್ ಆಗಿದ್ದು ಲೆಕ್ಕದ ಪುಸ್ತಕ ಬೇರೆ ಕಡೆ ಒಯ್ದರೆ, ಬೋರ್ಡು ತೀರ್ಮಾನ ಮಾಡಿದ ಏಳು ದಿನದೊಳಗೆ ಎ.ಒ.ಸಿ.-5 ಫಾರಂ ಹಾಕಬೇಕು. ರಿಜಿಸ್ಟರ್ಡ್ ಆಫೀಸನ್ನೇ ಬದಲಿಸಿದರೆ 30 ದಿನದೊಳಗೆ ಐ.ಎನ್.ಸಿ.-22. ನಮ್ಮ ರಿಜಿಸ್ಟರ್ಡ್ ಆಫೀಸು ಬೇರೆ ವಿಳಾಸದಲ್ಲಿ ಇದ್ದುದರಿಂದ ಆ ಕೆಲಸ ಬರಲಿಲ್ಲ. ಹೊಸ ಬಾಗಿಲಿಗೆ ಹಾಕುವ ಬೋರ್ಡಿನಲ್ಲಿ ಹೆಸರು ದೇವನಾಗರಿಯಲ್ಲಿ ಮರಾಠಿಯಲ್ಲಿ ಇರಬೇಕು. ಸ್ವಲ್ಪ ದಿನಕ್ಕೆ ತಾನೇ ಎಂದು ಬಿಡಬೇಡಿ.

ಡಬ್ಬಾವಾಲರ ಗುರುತು

ನಮ್ಮಲ್ಲಿ 340 ಡಬ್ಬ ಫೈಲು ಇತ್ತು. ಎಲ್ಲ ಒಯ್ಯುವ ಅಗತ್ಯ ಇಲ್ಲ. ಕಂಪನಿ ಕಾಯ್ದೆಯಲ್ಲಿ ಲೆಕ್ಕದ ಪುಸ್ತಕ ಎಂಟು ವರ್ಷ ಇಡಬೇಕು. ಅದಕ್ಕಿಂತ ಹಳೆಯದನ್ನು ನಮ್ಮ ಆಡಿಟರರು ಕೂತು ನೋಡಿ, ತಕರಾರಿನಲ್ಲಿ ಇರುವ ಕೇಸುಗಳದ್ದನ್ನು ಬದಿಗಿಟ್ಟು, ಉಳಿದದ್ದನ್ನು ಹರಿದು ರದ್ದಿಗೆ ಕೊಡಿ ಅಂದರು. 340 ಇದ್ದದ್ದು 190ಕ್ಕೆ ಇಳಿಯಿತು. ಈ ಕೆಲಸಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಆಗುವುದಿಲ್ಲ.

ಗುರುತು ಹಾಕುವ ಉಪಾಯ, ಮನೆಯ ಊಟದ ಡಬ್ಬವನ್ನು ಆಫೀಸಿಗೆ ತಂದುಕೊಡುವ ಡಬ್ಬಾವಾಲರಿಂದ ಬಂತು. ಅವರ ಡಬ್ಬದ ಮುಚ್ಚಳ ನೋಡಿದ್ದೀರಲ್ಲ? ಯಾವ ಸ್ಟೇಷನ್ನಿಂದ ಬಂತು, ಯಾವ ಸ್ಟೇಷನ್ನಿಗೆ ಹೋಗಬೇಕು, ಯಾವ ಕಟ್ಟಡ, ಎಷ್ಟನೇ ಮಾಳಿಗೆ ಎಲ್ಲ ಕೆಲವೇ ಅಕ್ಷರ, ಅಂಕಿ, ಬಣ್ಣದಲ್ಲಿ ಇರುತ್ತದೆ. ವಿಳಾಸ ಬರೆದಿರುವುದಿಲ್ಲ. ನಾವೂ ಹಾಗೇ ಮಾಡಿದೆವು. ನೀಲಿ ಟೇಪು ಲೆಕ್ಕದ ವಿಭಾಗ, ಹಸಿರು ರಫ್ತು, ಕೆಂಪು ಆಮದು. ಮೊದಲ ಸಂಖ್ಯೆ ವಾಶಿಯ ಕೋಣೆ, ಎರಡನೆಯದು ಗೋಡೆ, ಮೂರನೆಯದು ಡಬ್ಬದ ನಂಬರು. ವಾಶಿಯ ಗೋಡೆಗಳ ಮೇಲೆ ಅದೇ ಸಂಖ್ಯೆಯ ಚೀಟಿ ಮೊದಲೇ ಅಂಟಿಸಿದೆವು. ಹಮಾಲರು ಯಾರನ್ನೂ ಕೇಳದೆ ಇಳಿಸಿದರು. ಗುರುತನ್ನು ಮುಚ್ಚಳಕ್ಕೆ ಮಾತ್ರ ಹಾಕಬೇಡಿ, ಎರಡು ಬದಿಗೂ ಹಾಕಿ. ಒಂದರ ಮೇಲೊಂದು ಇಟ್ಟರೆ ಮುಚ್ಚಳ ಕಾಣುವುದಿಲ್ಲ. ಯಾವ ಡಬ್ಬದಲ್ಲಿ ಏನಿದೆ ಎನ್ನುವ ಪಟ್ಟಿಯನ್ನು ಬೇರೆ ವಹಿಯಲ್ಲಿ ಬರೆದು, ಅದನ್ನು ಟೆಂಪೋದಲ್ಲಿ ಹಾಕದೆ ನಿಮ್ಮ ಕೈಚೀಲದಲ್ಲೇ ಒಯ್ಯಿರಿ.

ಚೆಕ್ ಬುಕ್, ಡಿಜಿಟಲ್ ಸಹಿಯ ಟೋಕನ್, ರಬ್ಬರ್ ಸ್ಟಾಂಪು, ಮೂಲ ಬಿಲ್ ಆಫ್ ಲೇಡಿಂಗ್ (ಹಡಗಿನವರು ಸರಕಿಗೆ ಕೊಡುವ ಕಾಗದ) ಇವು ಕೂಡ ಟೆಂಪೋಗೆ ಬೇಡ. ಮೂಲ ಬಿಲ್ ಆಫ್ ಲೇಡಿಂಗ್ ಕಳೆದರೆ ಸರಕು ಬಿಡಿಸಿಕೊಳ್ಳುವುದೇ ಕಷ್ಟ. ಇಬ್ಬರು ಸೇರಿ ಟ್ಯಾಕ್ಸಿಯಲ್ಲಿ ಒಯ್ದೆವು.

ಭಾನುವಾರ ಸಾಗಿಸೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ರಸ್ತೆ ಖಾಲಿ ಇರುತ್ತದೆ, ನಿಜ. ಆದರೆ ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ಕೆಲಸಕ್ಕೆಂದು ಗಾಡಿ ನಿಲ್ಲಿಸುವುದು, ಇದ್ದರೆ ನಿಮ್ಮ ಜನ ಹೇಗೆ ಬರುತ್ತಾರೆ? ಬ್ಲಾಕು ಸಾಮಾನ್ಯವಾಗಿ ಬೆಳಿಗ್ಗೆ 11ರ ಆಸುಪಾಸಿನಿಂದ ಸಂಜೆ 4ರ ತನಕ. ನಾವು ಶನಿವಾರ ಸಂಜೆ ತುಂಬಿ, ರಾತ್ರಿ ಇಳಿಸಿ, ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಜೋಡಿಸಿ 10 ಗಂಟೆಯ ಒಳಗೆ ಮನೆಗೆ ಹೊರಟೆವು.

ಇಂಟರ್ನೆಟ್ಟಿಗೆ ಒಂದು ತಿಂಗಳು ಮುಂಚೆ ಅರ್ಜಿ ಕೊಡಿ. ಬಂದು ಹಾಕಿ ಹೋದ ಮೇಲೆ ಅಲ್ಲೇ ಕೂತು ಒಂದು ದಿನ ಕೆಲಸ ಮಾಡಿ ನೋಡಿ. ಕರೆಂಟಿನ ಲೋಡು ಎಷ್ಟಿದೆ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ನಮ್ಮಲ್ಲಿ ಎರಡು ಎ.ಸಿ., ಜೆರಾಕ್ಸ್ ಮಶೀನು ಒಟ್ಟಿಗೆ ಹಾಕಿದಾಗ ಮೊದಲ ದಿನವೇ ಫ್ಯೂಸು ಹೋಯಿತು.

ಟಪಾಲು, ಮತ್ತು ಕಾಕಾನ ಸ್ಟೂಲು

ಮುಂಬೈ ಜಿ.ಪಿ.ಒ.ದ ದೊಡ್ಡ ಗುಮ್ಮಟ ನೋಡಿದಾಗಲೆಲ್ಲ ನನಗೆ ನಮ್ಮ ವಿಜಯಪುರದ ನೆನಪು. 1913ರಲ್ಲಿ ಮುಗಿದ ಆ ಕಟ್ಟಡಕ್ಕೆ ಜಾನ್ ಬೆಗ್ ಗೋಲಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು. ಅದರ ಕೆಳಗೆ ನಿಂತು ನಾನು ನಮ್ಮ ಟಪಾಲನ್ನು ವಾಶಿಗೆ ತಿರುಗಿಸಿ ಎಂದು ಅರ್ಜಿ ಕೊಟ್ಟೆ. ನೀವೂ ನಿಮ್ಮ ಅಂಚೆ ಕಚೇರಿಯಲ್ಲಿ ಕೊಡಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಕೊರಿಯರಿನವರಿಗೆ ಆ ಅರ್ಜಿ ಗೊತ್ತಿಲ್ಲ. ಎಷ್ಟೋ ಗಿರಾಕಿಗಳು ಹಳೆಯ ವಿಳಾಸಕ್ಕೇ ಕಳಿಸುತ್ತಾರೆ.

ಮೂರನೇ ವಾರದಲ್ಲಿ ಏನಾಯಿತು ಗೊತ್ತಾ? ಒಂದು ವಿಚಾರಣೆಯ ನೋಟೀಸು ಹಳೆಯ ಕಟ್ಟಡಕ್ಕೆ ಹೋಗಿತ್ತು. ಅಲ್ಲಿನ ಕಾವಲಿನವರು ಬಂದ ಕಾಗದವನ್ನೆಲ್ಲ ಖಾಲಿ ಸಿಮೆಂಟ್ ಚೀಲದಲ್ಲಿ ತುಂಬಿಡುತ್ತಿದ್ದರು. ನಮ್ಮ ಕೈಗೆ ಬಂದಾಗ ವಿಚಾರಣೆಗೆ ಎರಡೇ ದಿನ ಉಳಿದಿತ್ತು. ಚೀಲ ಸುರಿದು ಕಾಗದ ಹುಡುಕಿದ್ದು ನಮ್ಮ ಪ್ಯೂನ್ ಕಾಕಾ.

ಕಾಕಾ ರತ್ನಾಗಿರಿ ಕಡೆಯವರು. 61 ವರ್ಷ. ಗಿರಗಾಂವಿನ ಚಾಳಿನಲ್ಲಿ ಮನೆ. ಅಲ್ಲಿಂದ ಫೋರ್ಟಿಗೆ 20 ನಿಮಿಷದ ಬಸ್ಸು. ವಾಶಿಗೆ ಒಂದೂವರೆ ಗಂಟೆ. ಅವರಿಗೆ ಮೊಣಕಾಲು ನೋವು. ಹೀಗಿದ್ದರೂ ಅವರು ಮೂರು ವಾರ ತುಟಿ ಪಿಟಕ್ ಅನ್ನದೆ ಬಂದಿದ್ದರು. ನನ್ನನ್ನು ಅವರು ಕರೆಯುವುದು "ತಾಯಿ" ಎಂದು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಆ ದಿನ ಸಿಮೆಂಟ್ ಧೂಳು ಮೆತ್ತಿದ ಕೈಯಲ್ಲಿ ಆ ನೋಟೀಸು ಹಿಡಿದುಕೊಂಡು, "ತಾಯಿ, ನಾನು ಇಲ್ಲೇ ಇದ್ದರೆ ಆಗುವುದಿಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದರು.

ಮರುದಿನದಿಂದ ಅವರನ್ನು ಫೋರ್ಟಿನಲ್ಲೇ ಇಟ್ಟೆವು. ಎದುರಿನ ಸ್ಟೇಷನರಿ ಅಂಗಡಿಯವರು ಒಳಗೆ ಒಂದು ಸ್ಟೂಲು ಹಾಕಲು ಒಪ್ಪಿದರು. ಬದಲಿಗೆ ನಮ್ಮ ಕಾಗದ, ಪೆನ್ನು, ಫೈಲು ಎಲ್ಲ ಅವರಲ್ಲೇ ತೆಗೆದುಕೊಂಡೆವು. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ತನಕ ಕಾಕಾ ಅಲ್ಲಿ ಕೂತು ಪೋಸ್ಟ್‌ಮ್ಯಾನ್, ಕೊರಿಯರ್ ಎಲ್ಲರಿಂದ ಟಪಾಲು ತೆಗೆದುಕೊಂಡರು. ಬಂದ ಲಕೋಟೆಯ ಫೋಟೊ ಕೂಡಲೇ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಬಲ್ಲಾರ್ಡ್ ಎಸ್ಟೇಟಿನ ಕಸ್ಟಮ್ ಹೌಸಿನಲ್ಲಿ ಕಾಗದ ಕೊಡುವುದು, ತರುವುದು ಅವರೇ ಮಾಡಿದರು. ಅದಕ್ಕೆಂದು ವಾಶಿಯಿಂದ ಇನ್ನೊಬ್ಬರು ಬರುವುದು ತಪ್ಪಿತು. ಜೊತೆಗೆ ದಿನಾ ಸಂಜೆ ಕಟ್ಟಡದಲ್ಲಿ ಏನು ಕೆಲಸ ಆಯಿತು ಎನ್ನುವ ಸುದ್ದಿ ಬರುತ್ತಿತ್ತು. "ಇವತ್ತು ಎರಡನೇ ಮಾಳಿಗೆಯ ತೊಲೆ ಇಳಿಸಿದರು" ಎಂದು ಅವರು ಹೇಳಿದರೆ ನಮಗೆ ಗುತ್ತಿಗೆದಾರರನ್ನು ಕೇಳುವ ಅಗತ್ಯವೇ ಇರಲಿಲ್ಲ.

ನಿಮ್ಮ ಆಫೀಸಿನಲ್ಲೂ ಹಳೆಯ ಜಾಗದ ಹತ್ತಿರ ಮನೆ ಇರುವವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಮೊದಲು ಕೇಳಿ.

ಆ ಜಾಗದಲ್ಲಿ ಇರುವುದು

ಊಟದ ಸಮಸ್ಯೆ ನಾವು ಎಣಿಸಿರಲಿಲ್ಲ. ಒಂಬತ್ತು ಜನರಿಗೆ ಮನೆಯ ಡಬ್ಬ ಬರುತ್ತಿತ್ತು. ನಮ್ಮ ಡಬ್ಬಾವಾಲರು ಖಾಡಿ (ಮುಂಬೈಗೂ ವಾಶಿಗೂ ನಡುವಿನ ಕಡಲ ಕೊಲ್ಲಿ) ದಾಟಿ ಬರುವುದಿಲ್ಲ ಅಂದರು. ಅವರಿಗೂ ಒಂಬತ್ತು ಗಿರಾಕಿ ಹೋಯಿತು. ಅವರಿಗೆ ಒಂದು ತಿಂಗಳು ಮುಂಚೆ ಹೇಳಿ, ಅದು ನ್ಯಾಯ. ನಾವು ವಾಶಿಯಲ್ಲಿ ಕೆಳಗಿನ ಉಡುಪಿ ಹೋಟೆಲಿನವರ ಹತ್ತಿರ ಮಾತಾಡಿ ತಿಂಗಳ ಕೂಪನ್ ಮಾಡಿಸಿದೆವು. ಮಾಲೀಕರು ಕಾರ್ಕಳದ ಕಡೆಯವರು. ಊರಿನ ಮಾತು ಕೇಳಿ ಅವರು ಶುಕ್ರವಾರ ನಮಗೆಂದೇ ಕುಚ್ಚಲಕ್ಕಿ ಅನ್ನ ಇಡಲು ಶುರು ಮಾಡಿದರು. ಡಬ್ಬ ತರುವವರಿಗೆ ಒಂದು ಮೈಕ್ರೋವೇವ್ ಕೊಂಡೆವು.

23 ಜನರಿಗೆ 16 ಮೇಜು ಮಾತ್ರ ಹಿಡಿಯಿತು. ಯಾರು ಯಾವ ದಿನ ಎಲ್ಲಿ ಎನ್ನುವುದನ್ನು ತಿಂಗಳ ಮೊದಲೇ ಬರೆದು ಗೋಡೆಗೆ ಹಾಕಿ. ದಿನಾ ಬೆಳಿಗ್ಗೆ ಜಾಗಕ್ಕೆ ಹುಡುಕಾಟ ಆದರೆ ಮನಸ್ಸು ಕೆಡುತ್ತದೆ. ಪ್ರತಿಯೊಬ್ಬರಿಗೂ ಬೀಗ ಇರುವ ಒಂದು ಡ್ರಾಯರು ಕೊಡಿ. ಮೇಜು ಹಂಚಿಕೊಳ್ಳಬಹುದು, ಚಪ್ಪಲಿ, ಮಾತ್ರೆ, ಕನ್ನಡಕ ಇಡುವ ಜಾಗ ಹಂಚಿಕೊಳ್ಳಲು ಆಗುವುದಿಲ್ಲ. ಶೌಚಾಲಯ ಪಕ್ಕದ ಆಫೀಸಿನ ಜೊತೆ ಸೇರಿ ಇತ್ತು. ಹೆಂಗಸರದ್ದಕ್ಕೆ ಬೇರೆ ಬೀಗ ಹಾಕಿಸಿ, ನಾಲ್ಕು ಕೀ ಮಾಡಿಸಿದೆ. ಜಾಗ ನೋಡಲು ಹೋಗುವಾಗಲೇ ಒಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೋಗಿ.

ಮಳೆಗಾಲಕ್ಕೆ ಮುಂಚೆ ಫೈಲುಗಳನ್ನು ನೆಲದಿಂದ ಎತ್ತಿ. ನಾವು ಮರದ ಹಲಗೆ ಹಾಕಿ, ಗೋಡೆಗೆ ಒಂದು ಗೇಣು ಬಿಟ್ಟು ಜೋಡಿಸಿದೆವು. ಹೊರಗಿನ ಗೋಡೆ ಜುಲೈಯಲ್ಲಿ ಒದ್ದೆಯಾಗಿಯೇ ಇರುತ್ತದೆ. ಮಳೆಗೆ ಗಾಡಿ ನಿಂತರೆ ಏನು ಮಾಡುವುದು ಎನ್ನುವುದನ್ನೂ ಮೊದಲೇ ಹೇಳಿಡಿ. ಕುರ್ಲಾದ ಹಳಿಯ ಮೇಲೆ ನೀರು ಬಂತು ಎಂದು ಗೊತ್ತಾದ ಕೂಡಲೇ ದೂರದವರನ್ನು ಕಳಿಸಿಬಿಡುತ್ತಿದ್ದೆವು, ಗಂಟೆ ನೋಡುತ್ತಿರಲಿಲ್ಲ.

ಇನ್ನೊಂದು ಮಾತು. ಬಂದ ದಿನ ನಾನು ಮೊದಲು ಒಳಗೆ ತಂದದ್ದು ದೇವರ ಪಟ. ಹಾಲು ಉಕ್ಕಿಸಿದೆವು. ದಸರಾದಲ್ಲಿ ಆಯುಧಪೂಜೆಯನ್ನು ಫೋರ್ಟಿನಲ್ಲಿ ಮಾಡುವ ಹಾಗೇ ಮಾಡಿದೆವು. ಕಂಪ್ಯೂಟರಿಗೆ ಕುಂಕುಮ, ಬಾಗಿಲಿಗೆ ಚೆಂಡುಹೂವಿನ ತೋರಣ. ಆ ದಿನ ಕಾಕಾ ಕೂಡ ಬಂದಿದ್ದರು. ಅಲ್ಲಿಯವರೆಗೆ ಡಬ್ಬಗಳನ್ನು ಅರ್ಧ ಬಿಚ್ಚದೆ ಇಟ್ಟಿದ್ದ ಮೂರು ಜನ ಆವತ್ತೇ ಎಲ್ಲ ಬಿಚ್ಚಿ ಜೋಡಿಸಿದರು.

ವಾಪಸು

ವಾಪಸು ಹೋಗುವ ದಿನ ಗೊತ್ತಾದ ಮೇಲೆ, ಸಾಮಾನು ಕಳಿಸುವ ಮುಂಚೆ ನೀವೇ ಹೋಗಿ ಎರಡು ಗಂಟೆ ಅಲ್ಲಿ ಇರಿ. ನಲ್ಲಿ ಬಿಟ್ಟು ನೋಡಿ. ಪ್ರತಿ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಕಿಟಕಿ ತೆಗೆದು ಹಾಕಿ. ಮತ್ತೆ ಅಳೆಯಿರಿ. ನಾನು ಅಳೆದಾಗ ಹಿಂದಿನ ಗೋಡೆಯ ಕಡೆ ಎಂಟು ಇಂಚು ಕಮ್ಮಿ ಬಂತು. ಹೊಸ ಕಂಬಕ್ಕೆ ಗೋಡೆ ಒಳಗೆ ತಂದಿದ್ದರು. ಮೊದಲು "ಮುಂಚಿನಿಂದಲೂ ಇಷ್ಟೇ" ಅಂದರು. ಟೇಪು ಹಿಡಿದ ಫೋಟೊ ತೋರಿಸಿದೆ. ವಾದ ಅಲ್ಲಿಗೆ ನಿಂತಿತು. ಕಂಬ ತೆಗೆಯಲು ಆಗುವುದಿಲ್ಲ. ಅದರ ಬದಲಿಗೆ ನಮ್ಮ ಬಾಗಿಲ ಮುಂದಿನ ಮೂಲೆಯನ್ನು ಒಳಗೆ ಸೇರಿಸಿ ಕೊಟ್ಟರು, ಕರಾರಿನಲ್ಲೂ ಬರೆದರು. ಈಗ ಅಲ್ಲಿ ಚಹಾದ ಜಾಗ.

ಬಣ್ಣದ ವಾಸನೆ ಇರುವಾಗ ಉಬ್ಬಸ ಇರುವವರನ್ನು ಒಂದು ವಾರ ತಡವಾಗಿ ಕರೆಸಿ. ಜಿ.ಎಸ್.ಟಿ.ಯಿಂದ ವಾಶಿಯ ವಿಳಾಸ ತೆಗೆಸಿ. ಠೇವಣಿ ಹಣ ಕೈಗೆ ಬಂದ ಮೇಲೆಯೇ ಕೀ ಕೊಡಿ. ವಾಶಿಯ ಬಾಗಿಲಿಗೆ ನಾವು ಫೋರ್ಟಿನ ವಿಳಾಸ, ನನ್ನ ನಂಬರು ಬರೆದ ಚೀಟಿ ಅಂಟಿಸಿ ಬಂದೆವು. ಅದು ಆರು ತಿಂಗಳಾದರೂ ಇರಲಿ ಎಂದು ಕೆಳಗಿನ ಹೋಟೆಲಿನವರಿಗೂ ಒಂದು ಕಾರ್ಡು ಕೊಟ್ಟೆ. ಎರಡು ಸಲ ಅವರು ಫೋನು ಮಾಡಿ, "ಅಕ್ಕಾ, ನಿಮ್ಮದೊಂದು ಕೊರಿಯರ್ ಬಂದಿದೆ, ಇಟ್ಟುಕೊಂಡಿದ್ದೇನೆ" ಅಂದರು. ತರಲು ಹೋದವರು ಕಾಕಾ. ಮೊಣಕಾಲು ನೋವು ಇದೆಯಲ್ಲ, ಬೇರೆಯವರನ್ನು ಕಳಿಸುತ್ತೇನೆ ಅಂದೆ. ಅವರು ಕೇಳಲಿಲ್ಲ. ಆ ಹೋಟೆಲಿನ ಕುಚ್ಚಲಕ್ಕಿ ಊಟ ದಸರಾದ ದಿನ ಒಂದೇ ಸಲ ಉಂಡಿದ್ದಂತೆ.